ಗೇರಿಲ್ಲದ ಸೈಕಲ್ಲೇ ಸಾಕು ಸ್ವಾಮಿ!

ದಾವಣಗೆರೆ: “ಗೇರ್ ಇಲ್ಲೇನ್ರೀ ಇದಕ್ಕೆ?” ಸೈಕಲ್ ಅಂಗಡಿಗೆ ಬರುವ ಗಿರಾಕಿಯ ಮೊದಲ ಪ್ರಶ್ನೆ ಈಗ ಇದೇ. ಇಲ್ಲ ಅಂದರೆ ಮೂಗು ಮುರಿಯುತ್ತಾರೆ. ಪಕ್ಕದಲ್ಲೇ ದಪ್ಪ ಟಯರು, ಶಾಕಬ್ಸರು, ಬಣ್ಣದ ಸ್ಟಿಕ್ಕರು ಹೊತ್ತು ನಿಂತಿರುತ್ತದಲ್ಲ, ಕಣ್ಣೆಲ್ಲ ಅದರ ಮೇಲೆ.

ಅಲ್ಲಾ ಸ್ವಾಮಿ, ನೀವು ಹೋಗೋದೆಲ್ಲಿಗೆ? ಮನೆಯಿಂದ ಬಸ್ ಸ್ಟ್ಯಾಂಡಿಗೆ, ಇಲ್ಲವೇ ಮಂಡಿಪೇಟೆ ಅಂಗಡಿಗೆ. ಸಂಜೆ ಹ್ಯಾಂಡಲ್ಲಿಗೆ ತರಕಾರಿ ಚೀಲ ನೇತು ಹಾಕ್ಕೊಂಡು ವಾಪಸು. ನಮ್ಮದು ಬಹುಪಾಲು ಬಯಲೂರು. ಮಡಿಕೇರಿಯಲ್ಲ, ಚಿಕ್ಕಮಗಳೂರೂ ಅಲ್ಲ.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಕರೀ ಸೈಕಲ್ಲಿಗೆ ಮುಂದಿನ ಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18. ಪೆಡಲು ಒಂದು ಸುತ್ತು ತುಳಿದರೆ 28 ಅಂಗುಲದ ಚಕ್ರ ಎರಡೂವರೆ ಸುತ್ತಿನಷ್ಟು ತಿರುಗಿ, ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ನಿಮಿಷಕ್ಕೆ 50 ಸುತ್ತು ನಿಧಾನವಾಗಿ ತುಳಿದರೂ ಗಂಟೆಗೆ 16 ಕಿಲೋಮೀಟರ್ ಆಯಿತು. ಊರೊಳಗೆ ಇದಕ್ಕಿಂತ ಜೋರು ಹೋಗಿ ಯಾರಿಗೆ ಗುದ್ದಬೇಕು?

ಏಳೆಂಟು ಸಾವಿರದೊಳಗೇ ಗೇರೂ ಬೇಕು, ಶಾಕೂ ಬೇಕು, ಡಿಸ್ಕ್ ಬ್ರೇಕೂ ಬೇಕು ಅಂದರೆ ತಯಾರಿಸುವವನು ಎಲ್ಲಾದರೂ ಉಳಿಸಲೇಬೇಕು. ಅವನು ಉಳಿಸೋದು ನಿಮಗೆ ಕಾಣದ ಕಡೆ: ರಿಮ್ಮಿನಲ್ಲಿ, ಬೇರಿಂಗಿನಲ್ಲಿ. ಗೇರಿನ ವೈರು ಸಡಿಲವಾಗಿ ಚೈನು ಕಟಕಟ ಅನ್ನತೊಡಗಿದರೆ ಬೀದಿ ಬದಿಯ ಪಂಕ್ಚರ್ ಅಂಗಡಿಯವರು ಕೈಯಾಡಿಸುತ್ತಾರೆಯೇ? ಬಹಳ ಮಂದಿ ಒಲ್ಲೆ ಅನ್ನುತ್ತಾರೆ. ಶಾಕಬ್ಸರು ನೀವು ತುಳಿದ ಶಕ್ತಿಯನ್ನೂ ಒಂದಿಷ್ಟು ನುಂಗುತ್ತದೆ.

ಹಾಗಾದರೆ ನೋಡಬೇಕಾದ್ದೇನು? ಮೊದಲು ಅಳತೆ. ಕಂಬಿಯ ಎರಡೂ ಕಡೆ ಕಾಲಿಟ್ಟು ನಿಂತಾಗ ಎರಡು ಪಾದವೂ ನೆಲ ಮುಟ್ಟಿ, ನಡುವೆ ಒಂದೆರಡು ಅಂಗುಲ ಬಿಡುವಿರಬೇಕು. ಸೀಟಿನ ಮೇಲೆ ಕೂತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಿಸಿಕೊಂಡು ತುಳಿಯುವವರಿಗೆ ಮಂಡಿನೋವು ತಪ್ಪಿದ್ದಲ್ಲ. ಸೀರೆಯವರಿಗೂ, ಕಾಲೆತ್ತಲಾಗದ ಹಿರಿಯರಿಗೂ ಕಂಬಿ ಇಲ್ಲದ ಲೇಡೀಸ್ ಸೈಕಲ್ಲೇ ವಾಸಿ, ನಾಚಿಕೆ ಯಾಕೆ? ಪಂಚೆ ಉಡುವವರು ಪೂರಾ ಚೈನ್ ಕವರ್ ಇರೋದನ್ನೇ ಕೇಳಿ.

ಚಕ್ರ ಎತ್ತಿ ತಿರುಗಿಸಿ. ರಿಮ್ಮು ಬ್ರೇಕ್ ರಬ್ಬರಿಗೆ ಒಮ್ಮೆ ತಾಗಿ ಒಮ್ಮೆ ದೂರ ಹೋದರೆ ಅಲ್ಲೇ ಬೆಂಡ್ ತೆಗೆಸಿ. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಜಾರುತ್ತದೆ, ಮೊದಲೇ ಹಿಡಿಯಬೇಕು. ಟಯರಿನ ಮೇಲೆ 28×1½ ಅಂತಿದ್ದರೆ ಹಳ್ಳಿಯಲ್ಲೂ ಟ್ಯೂಬು ಸಿಗುತ್ತದೆ; 700ಸಿ ಅಂತಿದ್ದರೆ ನಿಮ್ಮ ಓಣಿಯ ಅಂಗಡಿಯಲ್ಲಿ ವಿಚಾರಿಸಿಕೊಂಡೇ ದುಡ್ಡು ಕೊಡಿ. ಕ್ಯಾರಿಯರು, ಸ್ಟ್ಯಾಂಡು ಹೇಳಿದ ಬೆಲೆಯಲ್ಲೇ ಸೇರಿದೆಯೋ, ಬೇರೆಯೋ? ಅದನ್ನೂ ಮೊದಲೇ ಕೇಳಿ. ಎರಡು ಮೂರು ವಾರ ತುಳಿದ ಮೇಲೆ ಕಡ್ಡಿ, ಕಾಟರ್ ಪಿನ್ ಬಿಗಿ ಮಾಡಿಸಲೇಬೇಕು.

ಹಳೇದು ಕೊಳ್ಳುವವರಿಗೊಂದು ಮಾತು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು. ಅದಕ್ಕೇ ಹಳೇ ಅಟ್ಲಾಸ್ ಬೇಡ ಅನ್ನುವವರಿದ್ದಾರೆ. ಸುಮ್ಮನೆ ಹೆದರಿಕೆ! ಕರೀ ಸೈಕಲ್ಲಿನ ಸಾಮಾನು ಬಹುಮಟ್ಟಿಗೆ ಒಂದರದು ಒಂದಕ್ಕೆ ಕೂಡುತ್ತದೆ. ಫ್ರೇಮಿನ ಬೆಸುಗೆ ಬಿಟ್ಟಿದೆಯೋ, ಮುಂದಿನ ಫೋರ್ಕು ಬಾಗಿದೆಯೋ, ಅಷ್ಟು ನೋಡಿದರಾಯಿತು.

ಹೊಸದಾದರೆ ಬಿಲ್ಲು ಬಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಫ್ರೇಮ್ ನಂಬರೂ ಬರೆಸಿಕೊಳ್ಳಿ. ಕಳುವಾದರೆ ಠಾಣೆಯಲ್ಲಿ ಮೊದಲು ಕೇಳುವುದು ಅದನ್ನೇ. ಬಸ್ಸು ಹತ್ತಿ ಹೋಗಿ ಸಂಜೆವರೆಗೂ ಸೈಕಲ್ ಬಿಡುವವರಿಗೆ ಹಿಂದಿನ ಚಕ್ರದ ಬೀಗವೊಂದೇ ಸಾಲದು. ಎತ್ತಿಕೊಂಡು ಹೋಗೋರಿಗೆ ಚಕ್ರ ಯಾಕೆ ತಿರುಗಬೇಕು? ಸರಪಳಿ ಬೀಗ ತಗೊಂಡು ಕಂಬಕ್ಕೆ ಸೇರಿಸಿ ಹಾಕಿ.