ಅಂಗೈಯಲ್ಲಿ ಇನ್ನೂರು ಹಾಡು... ಹಾಡಿದವರ ಹೆಸರೇ ನಾಪತ್ತೆ!

ಚಿತ್ರರಸಿಕ ಮಿತ್ರರೇ, ಒಂದು ಸಣ್ಣ ಪರೀಕ್ಷೆ!

ನಿಮಗೆ ಪಂಚಪ್ರಾಣವಾದ ಹಳೆಯ ಸಿನಿಮಾ ಹಾಡೊಂದನ್ನು ನೆನಪಿಸಿಕೊಳ್ಳಿ. ಹೀರೋ ಯಾರು? ಥಟ್ಟನೆ ಹೇಳುತ್ತೀರಿ. ಹಾಡಿದವರು? ಸ್ವಲ್ಪ ತಡೆದು ಹೇಳುತ್ತೀರಿ. ಸಂಗೀತ ಯಾರದು? ತಲೆ ಕೆರೆದುಕೊಳ್ಳುತ್ತೀರಿ. ಬರೆದವರು ಯಾರು?... ಸಾಕು ಬಿಡಿ! ನಾನೂ ಇದೇ ಪರೀಕ್ಷೆಯಲ್ಲಿ ಫೇಲಾದವನು. ಅದೂ ಎಲ್ಲಿ ಅಂತೀರಿ? ಹುಬ್ಬಳ್ಳಿ ಸಿಬಿಟಿ ಹತ್ತಿರದ ಒಂದು ಕ್ಯಾಸೆಟ್ ಅಂಗಡಿಯ ಮುಂದೆ, ನಾಲ್ಕು ಜನರೆದುರಿಗೆ, ಕಿವಿಯಲ್ಲಿ ಹೊಸ ಇಯರ್‌ಫೋನ್ ಸಿಕ್ಕಿಸಿಕೊಂಡು!

ಆ ಮರ್ಯಾದೆ ಹೋದ ಕಥೆಯನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಕಿಸೆಗೆ ಬಂದ ಡಬ್ಬಿ

ಅದು 2007. ಹಿಂದಿನ ಡಿಸೆಂಬರಿನ ಕೊನೆಗೆ ತೆರೆಕಂಡ 'ಮುಂಗಾರು ಮಳೆ' ಬೇಸಿಗೆ ಬಂದರೂ ನಿಂತಿರಲಿಲ್ಲ. ಚಹಾದಂಗಡಿಯಲ್ಲಿ ಅದೇ ಹಾಡು, ಆಟೋದಲ್ಲಿ ಅದೇ ಹಾಡು, ಮದುವೆ ಮಂಟಪದಲ್ಲೂ ಅದೇ ಹಾಡು! ನಾನು ಹುಬ್ಬಳ್ಳಿಯವನು. ಧಾರವಾಡದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಬೇಸಿಗೆ ಸೂಟಿಯಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ನಿಂತು ದುಡಿದ ದುಡ್ಡಿನಲ್ಲಿ 1200 ರೂಪಾಯಿ ಕೊಟ್ಟು ಒಂದು ಎಂಪಿ3 ಪ್ಲೇಯರ್ ತಂದೆ. ಕಡ್ಡಿಪೆಟ್ಟಿಗೆಯಷ್ಟು ದೊಡ್ಡದು. ನೀಲಿ ಬೆಳಕಿನ ಸಣ್ಣ ಕಿಟಕಿ. ಒಂದು ಜಿಬಿ ಜಾಗ. ಹಾಡು ಎಷ್ಟು ಗೊತ್ತೇ? ಎಣಿಸಿದರೆ 214!

ಅವ್ವ ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಎಲ್ಲಿಂದ ಹಾಡತೈತೋ? ಬಾಯೇ ಇಲ್ಲಲ್ಲ!" ಅಂದಳು.

ಅವ್ವನ ಪ್ರಶ್ನೆ ತಪ್ಪೇನಲ್ಲ. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷದ ಹಾಡು ಹಿಡಿಸಿದರೆ ಹೆಚ್ಚು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹನ್ನೆರಡೋ ಹದಿಮೂರೋ. ಹಾಗಾದರೆ ಈ ಡಬ್ಬಿಯಲ್ಲಿ ಇನ್ನೂರು ಹೇಗೆ ಕೂತವು? ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಮನುಷ್ಯನ ಕಿವಿಯ ಗುಟ್ಟು ಹಿಡಿದಿದ್ದರು. ತಮಟೆ ಜೋರಾಗಿ ಬಡಿಯುವಾಗ ಪಕ್ಕದ ಸಣ್ಣ ಗೆಜ್ಜೆಯ ದನಿ ನಮಗೆ ಕೇಳುವುದಿಲ್ಲ. ಕೇಳದ್ದನ್ನು ಇಟ್ಟುಕೊಳ್ಳುವುದೇಕೆ? ತೆಗೆದು ಹಾಕು! ಹೀಗೆ ಜರಡಿ ಹಿಡಿದರೆ ಸಿಡಿಯಲ್ಲಿದ್ದ ಹಾಡು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ. ಇದಕ್ಕೆ 'ಎಂಪಿ3' ಎಂಬ ಬಾಲದ ಹೆಸರು ಸಿಕ್ಕಿದ್ದು 1995ರಲ್ಲಿ. 1998ರಲ್ಲಿ ಕೊರಿಯಾದಿಂದ ಬಂದ 'ಎಂಪಿಮ್ಯಾನ್' ಎಂಬ ಡಬ್ಬಿಗೆ 32 ಎಂಬಿ ಜಾಗ, ಅಂದರೆ ಏಳೆಂಟು ಹಾಡು. 2001ರಲ್ಲಿ ಬಂದ ಐಪಾಡ್ "ಸಾವಿರ ಹಾಡು ನಿಮ್ಮ ಕಿಸೆಯಲ್ಲಿ" ಎಂದು ಜಗತ್ತನ್ನೇ ಮರುಳು ಮಾಡಿತು. ಅದರ ಹೆಸರು ಹೇಳುವ ಯೋಗ್ಯತೆ ನನ್ನ ಕಿಸೆಗಿರಲಿಲ್ಲ. ನನಗೆ ಒಂದು ಜಿಬಿಯೇ ಐಪಾಡು!

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್. ಡಬ್ಬಿ ಬಂದ ಮೇಲೆ ಆ ಲೆಕ್ಕ ಬಿಟ್ಟೆ. ಧಾರವಾಡಕ್ಕೆ ಹತ್ತು ಹಾಡಿನ ದಾರಿ! ಮೂರನೆಯ ಹಾಡಿಗೆ ಉಣಕಲ್ ಕೆರೆ, ಐದಕ್ಕೆ ನವನಗರ, ಏಳಕ್ಕೆ ಸತ್ತೂರು, ಹತ್ತು ಮುಗಿಯುವಷ್ಟರಲ್ಲಿ ಜ್ಯುಬಿಲಿ ಸರ್ಕಲ್. ಎಡಗಿವಿ ನನಗೆ, ಬಲಗಿವಿ ದೋಸ್ತನಿಗೆ. ಇಯರ್‌ಫೋನಿನ ತಂತಿ ಗಿಡ್ಡ. ಬಸ್ಸು ತಿರುವಿನಲ್ಲಿ ವಾಲಿದರೆ ಇಬ್ಬರ ತಲೆಯೂ ಡಿಕ್ಕಿ!

"ಹಾಡ್ಯಾವರು ಯಾರು, ಹೇಳಪಾ?"

ಸಿಬಿಟಿ ಹತ್ತಿರ ಒಬ್ಬರು ಹಿರಿಯರ ಕ್ಯಾಸೆಟ್ ಅಂಗಡಿ ಇತ್ತು. ಎಲ್ಲರಿಗೂ ಅವರು 'ಕ್ಯಾಸೆಟ್ ಕಾಕಾ'. ಆರು ಅಡಿ ಅಗಲದ ಅಂಗಡಿ. ನೆಲದಿಂದ ಮಾಡಿನವರೆಗೆ ಕ್ಯಾಸೆಟ್ಟೇ ಕ್ಯಾಸೆಟ್ಟು. ಹೈಸ್ಕೂಲಿನಲ್ಲಿದ್ದಾಗ ನಾನು ಅಲ್ಲಿ ಕೊಂಡದ್ದು ಕಡಿಮೆ, ನಿಂತು ಪುಕ್ಕಟೆ ಕೇಳಿದ್ದು ಹೆಚ್ಚು. ಕಾಕಾ ಒಮ್ಮೆಯೂ "ಸರಕೊ" ಅಂದವರಲ್ಲ.

ಹೊಸ ಡಬ್ಬಿ ತಂದ ವಾರದಲ್ಲಿ ಅವರ ಮುಂದೆಯೇ ಮೆರೆಯಲು ಹೋದೆ. ಬುದ್ಧಿ ನೋಡಿ!

"ಕಾಕಾ, ನಿಮ್ಮ ಅಂಗಡಿ ಪೂರ್ತಿ ಈಗ ನನ್ನ ಕಿಸೆದಾಗ ಐತ್ರಿ!" ಅಂದೆ.

ಗಿರಾಕಿಗಳು ನಕ್ಕರು. ಕಾಕಾ ಕೂಡ ನಕ್ಕರು. "ಹೌದೇನಪಾ? ತಾ ನೋಡೋಣು" ಎಂದು ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಅರ್ಧ ನಿಮಿಷ ಕಣ್ಣು ಮುಚ್ಚಿದರು. 'ಕಸ್ತೂರಿ ನಿವಾಸ'ದ ಹಾಡು ಓಡುತ್ತಿತ್ತು.

"ಹಾಡ್ಯಾವರು ಯಾರು, ಹೇಳಪಾ?"

ಕಿಟಕಿಯಲ್ಲಿ ಓಡುತ್ತಿದ್ದ ಅಕ್ಷರ ಓದಿ ಹೇಳಿದೆ: "ರಾಜ್‌ಕುಮಾರ್ ಓಲ್ಡ್ ಜೀರೋ ಸಿಕ್ಸ್."

"ಸಿನಿಮಾದಾಗ ತುಟಿ ಅಲುಗಾಡಿಸಿದವರು ಅಣ್ಣಾವ್ರು. ಹಾಡಿದವರು?"

"ಅಣ್ಣಾವ್ರ ಅಲ್ಲೇನ್ರಿ ಮತ್ತ?"

ಕಾಕಾ ಇಯರ್‌ಫೋನ್ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಪಿ.ಬಿ. ಶ್ರೀನಿವಾಸ್! 1971ರ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ. ಅಣ್ಣಾವ್ರು ಮೊದಲೂ ಅಲ್ಲೊಂದು ಇಲ್ಲೊಂದು ಹಾಡ್ಯಾರ. ಆದ್ರ ಅವರ ಹಾಡು ಅವರ ದನಿಯೊಳಗ ಬರಾಕ ಹತ್ತಿದ್ದು 1974ರ 'ಸಂಪತ್ತಿಗೆ ಸವಾಲ್' ಆದಮ್ಯಾಲೆ. ಅಂಗಡಿ ನಿನ್ನ ಕಿಸೆದಾಗ ಬಂತು ಖರೆ ತಮ್ಮಾ... ಅಂಗಡಿಯವ ಬರಲಿಲ್ಲ!"

ನಾಲ್ಕು ಜನ ಗೊಳ್ಳೆಂದರು. ನನ್ನ ಮುಖ ಹೇಗಾಗಿತ್ತೋ, ಕನ್ನಡಿ ಇರಲಿಲ್ಲ, ಪುಣ್ಯ!

128 ಅಕ್ಷರದ ಚೀಟಿ

ಸಿಟ್ಟಿನಲ್ಲಿ ಆ ರಾತ್ರಿ 214 ಹಾಡಿನ ಹೆಸರನ್ನೂ ತಿರುವಿ ನೋಡಿದೆ. 'ರಾಜ್‌ಕುಮಾರ್ ಓಲ್ಡ್', 'ಶಂಕರ್‌ನಾಗ್ ಹಿಟ್ಸ್', 'ಟ್ರ್ಯಾಕ್ 07', 'ಲವ್ ಸಾಂಗ್ ನ್ಯೂ'... ಜಿ.ಕೆ. ವೆಂಕಟೇಶ್ ಇಲ್ಲ, ವಿಜಯಭಾಸ್ಕರ್ ಇಲ್ಲ, ರಾಜನ್-ನಾಗೇಂದ್ರ ಇಲ್ಲ, ಚಿ. ಉದಯಶಂಕರ್ ಇಲ್ಲವೇ ಇಲ್ಲ! ಹಾಡು ತುಂಬಿಕೊಟ್ಟ ಅಂಗಡಿಯವನಿಗೆ ಹೆಸರಿನ ಗೊಡವೆ ಏಕೆ? ಐವತ್ತು ರೂಪಾಯಿಗೆ ಡಬ್ಬಿ ತುಂಬ ಹಾಡು ಸುರಿದು ಕೊಟ್ಟಿದ್ದ. ನಾನೂ ಜೋಳ ಅಳೆಸಿಕೊಂಡಂತೆ ಅಳೆಸಿಕೊಂಡು ಬಂದಿದ್ದೆ.

ಯೋಚಿಸಿ ನೋಡಿ. ರೇಡಿಯೋದಲ್ಲಿ ಚಿತ್ರಗೀತೆ ಹಾಕುವಾಗ ಮೊದಲು ಏನು ಹೇಳುತ್ತಿದ್ದರು? ಚಿತ್ರ ಇಂಥದ್ದು, ರಚನೆ ಇಂಥವರದು, ಸಂಗೀತ ಇಂಥವರದು, ಹಾಡಿದವರು ಇಂಥವರು. 1950ರಲ್ಲಿ ಶುರುವಾದ ನಮ್ಮ ಧಾರವಾಡ ಆಕಾಶವಾಣಿಯನ್ನು ಕೇಳಿ ಬೆಳೆದ ನಮ್ಮಪ್ಪನಿಗೆ ಈ ಹೆಸರುಗಳು ಮಗ್ಗಿಯ ಹಾಗೆ ಬಾಯಿಪಾಠ. ಕ್ಯಾಸೆಟ್ಟಿನ ಮಡಿಚಿದ ಕಾಗದದ ಮೇಲೂ ಇರುವೆ ಅಕ್ಷರದಲ್ಲಾದರೂ ಎಲ್ಲರ ಹೆಸರಿರುತ್ತಿತ್ತು. ಎಂಪಿ3 ಬಂತು ನೋಡಿ, ಕಾಗದವೇ ಇಲ್ಲ!

ಪೂರ್ತಿ ಇಲ್ಲ ಅನ್ನುವಂತಿಲ್ಲ. 1996ರಲ್ಲಿ ಎಂಪಿ3 ಫೈಲಿನ ಬಾಲಕ್ಕೆ 'ಐಡಿ3' ಎಂಬ ಚೀಟಿ ಕಟ್ಟುವ ಪದ್ಧತಿ ಬಂತು. ಇಡೀ ಚೀಟಿ 128 ಬೈಟ್, ಅಂದರೆ 128 ಇಂಗ್ಲಿಷ್ ಅಕ್ಷರದ ಜಾಗ. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30. ಬರೆದ ಕವಿಗೆ ಎಷ್ಟು? ಸೊನ್ನೆ! ಸಂಗೀತ ನಿರ್ದೇಶಕನಿಗೆ? ಸೊನ್ನೆ! ಎರಡು ವರ್ಷದ ಮೇಲೆ ಬಂದ ದೊಡ್ಡ ಚೀಟಿಯಲ್ಲಿ ಅವರಿಗೂ ಜಾಗ ಮಾಡಿದರು. ಆದರೆ ತುಂಬುವವರು ಬೇಕಲ್ಲ!

ಹೆಸರು ಹೋದರೆ ಏನಾಯಿತು, ಹಾಡು ಇದೆಯಲ್ಲ ಅನ್ನಬೇಡಿ. ಹೆಸರೆಂದರೆ ಅನ್ನ ಸ್ವಾಮೀ! 2012ರಲ್ಲಿ ತಿದ್ದುಪಡಿಯಾದ ಕಾಪಿರೈಟ್ ಕಾಯಿದೆಯ ಪ್ರಕಾರ, ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಬರೆದವರಿಗೂ ಸಂಗೀತ ಕೊಟ್ಟವರಿಗೂ ಪಾಲುಂಟು. ಆ ಪಾಲನ್ನು ಯಾರೂ ಬರೆಸಿಕೊಳ್ಳುವ ಹಾಗಿಲ್ಲ. ನನ್ನ ಐವತ್ತು ರೂಪಾಯಿಯಲ್ಲಿ ಅವರಿಗೆ ಒಂದು ಪೈಸೆಯೂ ಮುಟ್ಟಿರಲಿಲ್ಲ. ಕಾಕಾನಿಗೂ ಮುಟ್ಟಿರಲಿಲ್ಲ.

ಬಾಗಿಲು ಮುಚ್ಚಿದ ಅಂಗಡಿ

ಡಿಗ್ರಿ ಮುಗಿಸಿ ಕೆಲಸಕ್ಕೆಂದು ಬೇರೆ ಊರಿಗೆ ಹೋದೆ. ಎರಡು ವರ್ಷ ಬಿಟ್ಟು ಬಂದು ನೋಡಿದರೆ ಕ್ಯಾಸೆಟ್ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಎದೆಯಲ್ಲಿ ಏನೋ ಚುಚ್ಚಿತು. ಆದರೆ ಕಾಕಾನ ಮನೆ ಹುಡುಕಿಕೊಂಡು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಕಾಲ ಓಡಿತು. ಮೊಬೈಲ್ ಬಂದು ಡಬ್ಬಿಯನ್ನು ನುಂಗಿತು. ಐಪಾಡಿಗೇ 2022ರಲ್ಲಿ ಅದರ ಕಂಪನಿ ಮಂಗಳ ಹಾಡಿತು. ನನ್ನ ಡಬ್ಬಿಯ ಪಾಡೇನು! ಬ್ಯಾಟರಿ ಸತ್ತಿದೆ. ಪವರ್ ಬ್ಯಾಂಕಿನ ತಂತಿ ಚುಚ್ಚಿದರೆ ಮಾತ್ರ ಉಸಿರಾಡುತ್ತದೆ. ಆದರೂ ಊರಿಗೆ ಮರಳಿದ ಮೇಲೆ ಚಿಗರಿ ಬಸ್ಸಿನಲ್ಲಿ ಅದನ್ನೇ ಹಚ್ಚುತ್ತೇನೆ. ಬಸ್ಸಿಗೇ ಪ್ರತ್ಯೇಕ ರಸ್ತೆ, ತಂಪು ಗಾಳಿ, ಓಟ ಜೋರು. ಹತ್ತು ಹಾಡಿನ ದಾರಿ ಈಗ ಎಂಟು ಹಾಡಿಗೇ ಮುಗಿಯುತ್ತದೆ!

ಒಂದು ದಿನ ಅದೇ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ, ದಪ್ಪ ಕನ್ನಡಕ ಹಾಕಿಕೊಂಡು ಕೂತಿದ್ದರು ಕಾಕಾ! ಗುರುತು ಹೇಳಿದೆ. ಕಿವಿಯಲ್ಲಿದ್ದ ತಂತಿ ನೋಡಿ, "ನನ್ನ ಅಂಗಡಿ ಇನ್ನೂ ಕಿಸೆದಾಗ ಐತೇನೋ?" ಅಂದರು. ಹದಿನೈದು ವರ್ಷದ ಮೇಲೂ ಮರೆತಿರಲಿಲ್ಲ!

"ತಪ್ಪಾತ್ರಿ ಕಾಕಾ. ನಿಮ್ಮ ಅಂಗಡಿ ಮುಚ್ಚಲಿಕ್ಕೆ ನಾನೂ ಒಬ್ಬ ಕಾರಣ" ಅಂದೆ.

"ನೀ ಒಬ್ಬನ ಕೈಲಿಂದ ಏನಾಗತಿತ್ತಪಾ? ಊರಿಗೆ ಊರ ಡಬ್ಬಿ ತುಗೊಂಡಿತ್ತು. ಕ್ಯಾಸೆಟ್‌ಗೋಳು ಮಳಿಗಾಲಕ್ಕ ಬೂಸ್ಟ ಹಿಡಿದ್ವು. ಉಳಿದಾವು ರದ್ದಿಗೆ ಹೋದ್ವು. ಇಲ್ಲಷ್ಟ ಉಳದಾವ ನೋಡು" ಎಂದು ತಲೆ ಮುಟ್ಟಿ ತೋರಿಸಿದರು.

ಅಂದೇ ತೀರ್ಮಾನಿಸಿದೆ. ಆ ತಲೆಯಲ್ಲಿದ್ದದ್ದು ಡಬ್ಬಿಗೆ ಇಳಿಯಬೇಕು!

ಭಾನುವಾರದ ಪಾಠ

ಅಂದಿನಿಂದ ಭಾನುವಾರ ಮುಂಜಾನೆ ನಾನು ಕಾಕಾನ ಮನೆಯಲ್ಲಿ. ಕನ್ನಡ ಅಕ್ಷರ ತುಂಬಿದರೆ ನನ್ನ ಹಳೆಯ ಡಬ್ಬಿ ಬರೀ ಚೌಕ ಚೌಕ ಗುರುತು ತೋರಿಸುತ್ತದೆ. ಅದಕ್ಕೆ ಪ್ರತಿ ಹಾಡಿಗೂ ಒಂದು ನಂಬರು. ನಂಬರಿನ ಮುಂದೆ ನೋಟ್‌ಬುಕ್ಕಿನಲ್ಲಿ ವಿವರ. ಎಡಗಿವಿ ಕಾಕಾನಿಗೆ, ಬಲಗಿವಿ ನನಗೆ.

'ಶಂಕರ್‌ನಾಗ್ ಹಿಟ್ಸ್' ಅಂದಿದ್ದದ್ದು 1981ರ 'ಗೀತಾ', ದನಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಸಂಗೀತ ಇಳಯರಾಜ. 'ಲವ್ ಸಾಂಗ್ ಓಲ್ಡ್' ಅಂದಿದ್ದದ್ದು 'ಎರಡು ಕನಸು', ರಾಜನ್-ನಾಗೇಂದ್ರ, ಚಿ. ಉದಯಶಂಕರ್. "ಇದೂ 1974 ನೋಡು. 'ಸಂಪತ್ತಿಗೆ ಸವಾಲ್' ಬಂದ ವರ್ಷವೇ! ಇದರಾಗ ಮತ್ತ ಪಿ.ಬಿ.ಎಸ್ಸೇ ಹಾಡ್ಯಾರ" ಎಂದು ಕಾಕಾ ಬೆರಳೆತ್ತಿದರು. 'ಡಿವೋಷನಲ್ 3' ಅಂದಿದ್ದದ್ದು ನಮ್ಮ ಪಕ್ಕದ ಗದಗಿನ ಪಂಚಾಕ್ಷರ ಗವಾಯಿಗಳ ಚಿತ್ರದ ಹಾಡು. ಆ ಚಿತ್ರಕ್ಕೆ ಎಸ್‌ಪಿಬಿಯವರಿಗೂ ಹಂಸಲೇಖ ಅವರಿಗೂ 1995ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದಿತ್ತು. ಎಲ್ಲರ ಬಾಯಲ್ಲೂ ಇದ್ದ 'ಮುಂಗಾರು ಮಳೆ'ಯ ಹಾಡುಗಳಿಗೂ ಆಗಲೇ ಹೆಸರು ಬರೆದೆವು: ಸಂಗೀತ ಮನೋಮೂರ್ತಿ, ಸಾಹಿತ್ಯದಲ್ಲಿ ಯೋಗರಾಜ್ ಭಟ್, ಜಯಂತ ಕಾಯ್ಕಿಣಿ.

ಇನ್ನು 'ರಾಜ್‌ಕುಮಾರ್ ಓಲ್ಡ್ 14'! ನಿಧಾನದ ಹಾಡೆಂದು ನಾನು ವರ್ಷಗಟ್ಟಲೆ ಗುಂಡಿ ಒತ್ತಿ ದಾಟಿಸಿದ್ದು. ಶುರುವಾದದ್ದೇ ಕಾಕಾ ನೆಟ್ಟಗೆ ಕೂತರು. "ಲೇ, ಈ ದನಿ ಗುರ್ತ ಹತ್ತಲಿಲ್ಲೇನು? ಭೀಮಸೇನ ಜೋಶಿ! 1966ರ 'ಸಂಧ್ಯಾರಾಗ'. ಇಲ್ಲೇ ಕುಂದಗೋಳದಾಗ ಸವಾಯಿ ಗಂಧರ್ವರ ಕಡೆ ಕಲತವರು. ನಮ್ಮ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಕಲತದ್ದೂ ಅದೇ ಗುರುಗಳ ಮನ್ಯಾಗ!"

ನಾನು ದಂಗಾದೆ. 2008ರಲ್ಲಿ ಭಾರತರತ್ನ ಘೋಷಣೆಯಾದ ಗಾಯಕ ನನ್ನ ಕಿಸೆಯಲ್ಲಿ ಹೆಸರಿಲ್ಲದೆ, ಬಸ್ಸಿನಲ್ಲಿ ಟಿಕೆಟ್ಟಿಲ್ಲದವನಂತೆ ಇಷ್ಟು ವರ್ಷ ಓಡಾಡಿದ್ದರು!

214ರಲ್ಲಿ 197ಕ್ಕೆ ಹೆಸರು ಸಿಕ್ಕಿದೆ. ಹದಿನೇಳು ಉಳಿದಿವೆ. ಕಾಕಾ ಮತ್ತೆ ಮತ್ತೆ ಕೇಳುತ್ತಾರೆ, ಕಣ್ಣು ಮುಚ್ಚುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಈಚೆಗೆ ಸಿಕ್ಕ ಹೆಸರನ್ನೂ ಕೆಲವೊಮ್ಮೆ ಮರೆಯುತ್ತಾರೆ. ಹೋದ ವಾರ ಒಂದು ಹೆಣ್ಣುದನಿ ಕೇಳಿ ನಾನೇ ಆತುರಪಟ್ಟೆ: "ಎಸ್. ಜಾನಕಿ ಅಂತ ಬರೀಲೇನ್ರಿ?"

ಕಾಕಾ ನನ್ನ ಪೆನ್ನು ಹಿಡಿದುಬಿಟ್ಟರು. "ಬ್ಯಾಡ. ತಪ್ಪು ಹೆಸರು ಬರಿಯೂದಕ್ಕಿಂತ ಖಾಲಿ ಬಿಡು. ಖಾಲಿ ಇದ್ದಲ್ಲೆ ಯಾರರೆ ಕೇಳತಾರ. ತಪ್ಪು ಬರದಲ್ಲೆ ಯಾರೂ ಕೇಳೂದಿಲ್ಲ."

ಹದಿನೇಳು ಸಾಲು ಖಾಲಿ ಇಟ್ಟಿದ್ದೇನೆ.

ಓದುಗ ದೊರೆಗಳೇ, ನಿಮ್ಮ ಮೊಬೈಲಿನಲ್ಲಿ ಇನ್ನೂರಲ್ಲ, ಎರಡು ಸಾವಿರ ಹಾಡು ಇರಬಹುದು. ಎಲ್ಲಕ್ಕೂ ಬೇಡ, ಐದೇ ಐದು ಹಾಡಿಗೆ ಬರೆದವರು, ಸಂಗೀತ ಕೊಟ್ಟವರು, ಹಾಡಿದವರು ಯಾರೆಂದು ಪತ್ತೆ ಹಚ್ಚಿ. ಮನೆಯಲ್ಲಿ ಅಪ್ಪ, ಅಜ್ಜ, ಚಿಕ್ಕಪ್ಪ ಇದ್ದರೆ ಒಂದು ಕಿವಿ ಅವರಿಗೆ ಕೊಡಿ. ನನಗಂತೂ ಬರುವ ಭಾನುವಾರ ಮುಂಜಾನೆ ಎಂಟೂವರೆಗೆ ಬಸ್ಸಿದೆ. ಪವರ್ ಬ್ಯಾಂಕ್ ಚಾರ್ಜಿಗೆ ಹಾಕಬೇಕು, ಬರಲೇ?