ನಿನ್ನೆಯದೇ ಬೇಕೆನ್ನುವ ಅಡುಗೆಗಳು

ಕೊಡಗಿನ ಅಡುಗೆಮನೆಗಳಲ್ಲಿ ಅಕ್ಕಿ ಒಟ್ಟಿ ಎಂಬ ರೊಟ್ಟಿಗೆ ಹಿಟ್ಟು ನಾದುವ ಮೊದಲು ಕೈ ಹೋಗುವುದು ರಾತ್ರಿ ಉಳಿದ ಅನ್ನದ ಪಾತ್ರೆಗೆ. ಅನ್ನವನ್ನು ನುಣ್ಣಗೆ ಮಿದ್ದು, ಅಕ್ಕಿಹಿಟ್ಟು, ಉಪ್ಪು ಸೇರಿಸಿ ನಾದಿ, ತೆಳ್ಳಗೆ ಮಾಡಿ ಹಂಚಿಗೆ ಹಾಕುತ್ತಾರೆ. ಆಮೇಲೆ ಕೆಂಡದ ಮೇಲಿಟ್ಟರೆ ಒಟ್ಟಿ ಉಬ್ಬಿ ಬರುತ್ತದೆ. ಗೋಧಿಯಲ್ಲಿರುವ ಅಂಟು ಅಕ್ಕಿಹಿಟ್ಟಿನಲ್ಲಿಲ್ಲ. ಬರೀ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ತಟ್ಟಿದರೆ ಅಂಚು ಬಿರಿಯುತ್ತದೆ. ಬೆಂದ ಅನ್ನದ ಪಿಷ್ಟ ಆ ಕೊರತೆಯನ್ನು ತುಂಬುತ್ತದೆ. ಎಳ್ಳು ಪಜ್ಜಿ ಎಂಬ ಎಳ್ಳಿನ ಚಟ್ನಿಯ ಜೊತೆ ತಿನ್ನುವ ಈ ಒಟ್ಟಿಯಲ್ಲಿ ಹಳೆಯ ಅನ್ನವೇ ಮುಖ್ಯ ಸಾಮಗ್ರಿ.

ಮಿಕ್ಕಿದ್ದನ್ನು ಹೇಗಾದರೂ ಖಾಲಿ ಮಾಡಬೇಕು ಎಂದು ಹೊರಟರೆ ರುಚಿ ಹುಟ್ಟುವುದು ಕಷ್ಟ. ಒಂದು ರಾತ್ರಿಯಲ್ಲಿ ಆ ಪದಾರ್ಥ ಒಣಗಿದೆಯೋ, ಹುಳಿ ಬಂದಿದೆಯೋ, ಮೆತ್ತಗಾಗಿದೆಯೋ ಎಂದು ನೋಡಿ, ಆ ಬದಲಾವಣೆಯೇ ಬೇಕಾಗುವ ತಿಂಡಿಯನ್ನು ಆರಿಸುವುದು ಜಾಣತನ. ಕರ್ನಾಟಕದ ಅಡುಗೆಮನೆ ಇದನ್ನು ಬಹಳ ಹಿಂದೆಯೇ ಕಲಿತಿದೆ.

ಚಿತ್ರಾನ್ನವನ್ನೇ ನೋಡಿ. ಬಿಸಿ ಅನ್ನಕ್ಕೆ ಒಗ್ಗರಣೆ ಕಲಸಿದರೆ ಅಗುಳು ಮುರಿದು ಮುದ್ದೆಯಾಗುತ್ತದೆ. ಆರಿದ ಅನ್ನದಲ್ಲಿ ಪಿಷ್ಟ ಮತ್ತೆ ಬಿಗಿಯಾಗಿ, ಮೇಲಿನ ತೇವ ಆರಿ, ಅಗುಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಗಂಟಾದ ಅನ್ನವನ್ನು ಸೌಟಿನಿಂದ ಕುಟ್ಟದೆ ಬೆರಳಲ್ಲಿ ಉದುರಿಸಿಕೊಳ್ಳಬೇಕು. ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಅರಿಶಿನ ಹಾಕಿ, ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿದರೆ ಕಹಿಯಾಗದು. ಬೇಸಿಗೆಯಲ್ಲಿ ನಿಂಬೆಯ ಜಾಗಕ್ಕೆ ತುರಿದ ಮಾವಿನಕಾಯಿ ಬರುತ್ತದೆ. ಬೀದಿ ಬದಿಯ ಫ್ರೈಡ್ ರೈಸ್ ಮಾಡುವವರು ಅನ್ನವನ್ನು ಮೊದಲೇ ಬೇಯಿಸಿ ಆರಿಸಿಡುವುದಕ್ಕೂ ಇದೇ ಕಾರಣ.

ದೋಸೆ ಹಿಟ್ಟಿನ ಕಥೆ ಬೇರೆ. ಮೂರನೆಯ ದಿನಕ್ಕೆ ಹುಳಿ ಏರಿದ ಹಿಟ್ಟಿನಿಂದ ತೆಳು ದೋಸೆ ಹೊಯ್ದರೆ ಯಾರಿಗೂ ಹಿಡಿಸದು. ಅದೇ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ತೆಂಗಿನಕಾಯಿ ಚೂರು ಬೆರೆಸಿ ಪಡ್ಡಿನ ಹಂಚಿನ ಗುಳಿಗಳಿಗೆ ಎಣ್ಣೆ ಬಿಟ್ಟು ಹೊಯ್ದರೆ, ಹುಳಿಯೇ ಪಡ್ಡಿನ ಸೊಗಸಾಗುತ್ತದೆ. ಕೆಲವೆಡೆ ಇದನ್ನು ಗುಳಿಯಪ್ಪ ಎನ್ನುತ್ತಾರೆ.

ಮಂಗಳೂರು ಬನ್ಸ್‌ಗಂತೂ ತಾಜಾ ಬಾಳೆಹಣ್ಣು ನಡೆಯದು. ಸಿಪ್ಪೆ ಕಪ್ಪಾಗಿ, ಮನೆಯವರೆಲ್ಲ ಬೇಡವೆಂದು ಬಿಟ್ಟ ಹಣ್ಣೇ ಆಗಬೇಕು. ಅಷ್ಟು ಹೊತ್ತಿಗೆ ಪಿಷ್ಟವೆಲ್ಲ ಸಕ್ಕರೆಯಾಗಿ, ಕಿವುಚಿದರೆ ನೀರೇ ಬೇಡದಷ್ಟು ತೇವ ಸಿಗುತ್ತದೆ. ಮೈದಾ, ಮೊಸರು, ಜೀರಿಗೆ, ಚಿಟಿಕೆ ಸೋಡಾ ಸೇರಿಸಿ ನಾದಿ ಕೆಲವು ಗಂಟೆ ಬಿಟ್ಟು, ದಪ್ಪಗೆ ಲಟ್ಟಿಸಿ ಕರಿಯುತ್ತಾರೆ.

ಇಡ್ಲಿ ತಣ್ಣಗಾದರೆ ಅಂಟದೆ ಪುಡಿಯಾಗುತ್ತದೆ, ಹಾಗಾಗಿ ಇಡ್ಲಿ ಉಪ್ಪಿಟ್ಟಿಗೆ ಹಿಂದಿನ ದಿನದ್ದೇ ಲೇಸು. ಮಂಡ್ಯ, ಹಾಸನದ ಕಡೆ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಈರುಳ್ಳಿ ನಂಚಿಕೊಂಡು ಕುಡಿದವರಿಗೆ ಹೊಲದ ಕೆಲಸದಲ್ಲಿ ಹೊಟ್ಟೆ ತಂಪಾಗಿರುತ್ತದೆ. ಉಳಿದ ಚಪಾತಿಯನ್ನು ಪುಡಿ ಮಾಡಿ ಬೆಲ್ಲ, ಒಣಕೊಬ್ಬರಿ, ಏಲಕ್ಕಿ, ಹುರಿದ ಗಸಗಸೆ ಬೆರೆಸಿದರೆ ಉತ್ತರ ಕರ್ನಾಟಕದ ಮಾದಲಿಯ ರುಚಿಗೆ ಹತ್ತಿರ ಬರುತ್ತದೆ. ಒಣ ಪಲ್ಯವಿದ್ದರೆ ಅಕ್ಕಿ ರೊಟ್ಟಿಯ ಹಿಟ್ಟಿಗೆ ಸೇರಿಸಿ ತಟ್ಟಬಹುದು.

ಎಲ್ಲವನ್ನೂ ಹೀಗೆ ಉಳಿಸಬಹುದು ಎಂದಲ್ಲ. ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅವು ಬೆಳೆದು ವಿಷ ಉಂಟುಮಾಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ವಾಸನೆ ನೋಡಿ ತೀರ್ಮಾನಿಸುವುದು ಇಲ್ಲಿ ಸಾಲದು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಹೆಚ್ಚುಕಡಿಮೆ ಶೇಕಡ 60ರಷ್ಟು ಮನೆಗಳಿಂದಲೇ. ಭಾರತದ ಮನೆಗಳಲ್ಲಿ ತಲಾ ವರ್ಷಕ್ಕೆ 55 ಕಿಲೋ ಎಂಬುದು ಅದೇ ವರದಿಯ ಅಂದಾಜು. ಇದನ್ನು ತಗ್ಗಿಸುವ ಕೆಲಸ ಶುರುವಾಗಬೇಕಾದದ್ದು ಬೆಳಗಿನ ತಿಂಡಿಯ ಹೊತ್ತಿಗಲ್ಲ, ಹಿಂದಿನ ರಾತ್ರಿ ಊಟ ಮುಗಿದ ಕೂಡಲೇ. ಅನ್ನ ಉಳಿದರೆ ಕುಕ್ಕರಿನಲ್ಲೇ ಬಿಡಬೇಡಿ. ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮರುದಿನ ಬೇಕಾದಷ್ಟನ್ನೇ ತೆಗೆದು, ಹಬೆಯಾಡುವವರೆಗೆ ಒಮ್ಮೆ ಮಾತ್ರ ಬಿಸಿ ಮಾಡಿ ಬಳಸಿ.