ಗುವಾಂಗ್‌ಝೌ: ಗಿರಾಕಿಯನ್ನು ಬಲ್ಲ ಊರು

ಗುವಾಂಗ್‌ಝೌಗೆ ಬರುವ ವಿದೇಶಿಯರಲ್ಲಿ ಅನೇಕರು ಊರು ನೋಡಲು ಬಂದವರಲ್ಲ, ಸರಕು ನೋಡಲು ಬಂದವರು. ಏಪ್ರಿಲ್ ಅಥವಾ ಅಕ್ಟೋಬರ್ ಕೊನೆಯ ಹೊತ್ತಿಗೆ ಇಲ್ಲಿನ ಮೆಟ್ರೊ ಹತ್ತಿದರೆ ಇದು ತಾನಾಗಿಯೇ ತಿಳಿಯುತ್ತದೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕ್ಯಾಟಲಾಗ್ ತುಂಬಿದ ಟ್ರಾಲಿ ಚೀಲ. ಅರಬ್ಬಿ, ರಷ್ಯನ್, ಹಿಂದಿ, ಸ್ಪ್ಯಾನಿಷ್ ಎಲ್ಲವೂ ಒಂದೇ ಬೋಗಿಯಲ್ಲಿ ಕಿವಿಗೆ ಬೀಳುತ್ತವೆ. ಅವರೆಲ್ಲ ಹೊರಟಿರುವುದು ಪಝೌ ದ್ವೀಪದಲ್ಲಿ ನಡೆಯುವ, ಈ ಊರಿನ ಹಳೆಯ ಹೆಸರನ್ನೇ ಹೊತ್ತ ಕ್ಯಾಂಟನ್ ಫೇರ್‌ಗೆ.

ಪಶ್ಚಿಮದ ದೇಶಗಳ ವ್ಯಾಪಾರ ನಿರ್ಬಂಧದ ನಡುವೆ ವಿದೇಶಿ ವಿನಿಮಯ ಗಳಿಸಲೆಂದು 1957ರಲ್ಲಿ ಶುರುವಾದ ಮೇಳವಿದು. ಈಗ ವರ್ಷಕ್ಕೆರಡು ಸಲ, ಪ್ರತಿ ಸಲ ಮೂರು ಹಂತಗಳಲ್ಲಿ ನಡೆಯುತ್ತದೆ. ಪ್ರದರ್ಶನದ ಜಾಗವೇ 15 ಲಕ್ಷ ಚದರ ಮೀಟರ್‌ಗೂ ಹೆಚ್ಚು. ಒಂದು ಸಭಾಂಗಣ ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಾಲು ಸೋಲುತ್ತದೆ. ಆದರೆ ಮೇಳದ ಮಳಿಗೆಗಳಲ್ಲಿ ಸಿಗುವುದು ಹೊಳಪು ಕೊಟ್ಟ ಮಾಲು ಮತ್ತು ವಿಸಿಟಿಂಗ್ ಕಾರ್ಡು ಮಾತ್ರ. ಮಾಲಿನ ಬೆಲೆ ಅಷ್ಟು ಕಡಿಮೆ ಹೇಗೆ ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ಪೇಟೆಗೇ ಇಳಿಯಬೇಕು.

ನಮ್ಮ ಚಿಕ್ಕಪೇಟೆ, ಬಳೇಪೇಟೆಗಳ ಹಾಗೆ ಇಲ್ಲಿಯೂ ಸರಕಿಗೊಂದು ಬೀದಿ. ಸಾನ್‌ಯುವಾನ್‌ಲಿಯಲ್ಲಿ ಚರ್ಮದ ಚೀಲ, ರೈಲು ನಿಲ್ದಾಣದ ಸುತ್ತ ಸಿದ್ಧ ಉಡುಪು, ಯೀಡ ರಸ್ತೆಯಲ್ಲಿ ಆಟಿಕೆ ಮತ್ತು ಒಣಮೀನು. ಬಟ್ಟೆಗೆ ಝೋಂಗ್‌ಡಾ. ಸುನ್ ಯಾತ್ ಸೆನ್ ವಿಶ್ವವಿದ್ಯಾಲಯದ ದಕ್ಷಿಣ ದ್ವಾರದಾಚೆ ಹಬ್ಬಿರುವ ಈ ಮಾರುಕಟ್ಟೆಯಲ್ಲಿ ಒಂದು ಕಟ್ಟಡದ ತುಂಬ ಲೈನಿಂಗ್, ಮತ್ತೊಂದರಲ್ಲಿ ಬರೀ ಲೇಸು, ಗುಂಡಿ, ಜಿಪ್. ವ್ಯಾಪಾರಕ್ಕೆ ಭಾಷೆ ಅಡ್ಡಿಯಲ್ಲ. ಅಂಗಡಿಯ ಹುಡುಗಿ ಕ್ಯಾಲ್ಕುಲೇಟರ್ ಒತ್ತಿ ತೋರಿಸುತ್ತಾಳೆ. ಗಿರಾಕಿ ಅದನ್ನು ಅಳಿಸಿ ತನ್ನ ರೇಟು ಒತ್ತುತ್ತಾನೆ. ಆಕೆ ನಕ್ಕು, ಮೀಟರ್ ಲೆಕ್ಕ ಹೆಚ್ಚಿಸಿ, ಬೆಲೆ ಒಂದಿಷ್ಟು ಇಳಿಸಿ ಮತ್ತೆ ತಿರುಗಿಸುತ್ತಾಳೆ. ಕುದುರಿದರೆ ಸ್ಯಾಂಪಲ್‌ಗೆಂದು ಅಂಗೈಯಗಲದ ತುಂಡು ಕತ್ತರಿಸಿ, ನಂಬರು ಬರೆದ ರಟ್ಟಿಗೆ ಪಿನ್ ಹೊಡೆದು ಕೊಡುತ್ತಾಳೆ.

ಕೂಗಳತೆಯಲ್ಲೇ ಕಾಂಗ್‌ಲ ಎಂಬ ಕೇರಿ. ನಗರ ಬೆಳೆದು ನುಂಗಿದ ಹಳ್ಳಿಗಳಲ್ಲಿ ಇದೂ ಒಂದು. ಎದುರುಬದುರು ಕಟ್ಟಡಗಳ ಕಿಟಕಿಗಳಿಂದ ಕೈಚಾಚಿದರೆ ಮುಟ್ಟಬಹುದು, ಗಲ್ಲಿಗಳು ಅಷ್ಟು ಕಿರಿದು. ಮಹಡಿ ಮಹಡಿಗೂ ಹೊಲಿಗೆ ಯಂತ್ರಗಳು. ಬಹಳ ಕಾಲ ಇಲ್ಲಿನ ಕೂಲಿ ಸಂತೆಯದೇ ಒಂದು ವಿಶೇಷ: ಮಾಲೀಕರು ಹೊಲಿಯಬೇಕಾದ ಉಡುಪಿನ ಮಾದರಿ ಹಿಡಿದು ಬೀದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಹುಬೈ ಪ್ರಾಂತ್ಯದಿಂದ ಬಂದ ದರ್ಜಿಗಳು ಹೊಲಿಗೆ ತಿರುವಿ ನೋಡಿ, ಪೀಸಿಗೆ ಎಷ್ಟು ಎಂದು ಕೇಳಿ, ಗಿಟ್ಟದಿದ್ದರೆ ಮುಂದಿನವನ ಬಳಿಗೆ ನಡೆಯುತ್ತಿದ್ದರು. ಬಟ್ಟೆ, ಗುಂಡಿ, ದರ್ಜಿ ಮೂರೂ ನಡೆದು ಹೋಗುವಷ್ಟು ಹತ್ತಿರವಿದ್ದುದರಿಂದ ಬೆಳಿಗ್ಗೆ ಆರಿಸಿದ ಥಾನು ಬಹುಬೇಗ ಉಡುಪಾಗುತ್ತಿತ್ತು. ಅಗ್ಗದ ಗುಟ್ಟು ಬರೀ ಕಡಿಮೆ ಕೂಲಿಯಲ್ಲಿಲ್ಲ, ಈ ನೆರೆಹೊರೆಯಲ್ಲಿದೆ. ಈಚೆಗೆ ಇಂಥ ಕಾರ್ಖಾನೆಗಳನ್ನು ಪಕ್ಕದ ಚಿಂಗ್‌ಯುವಾನ್‌ಗೆ ಸಾಗಿಸುವ ಕೆಲಸ ನಡೆದಿದೆ. ನೆರೆ ಬಿಟ್ಟ ಮೇಲೂ ಆ ವೇಗ ಉಳಿದೀತೇ ಎಂಬುದು ಇಲ್ಲಿನ ವ್ಯಾಪಾರಿಗಳ ಚಿಂತೆ.

ಹೊರಗಿನ ಗಿರಾಕಿ ಈ ಊರಿಗೆ ಹೊಸಬನಲ್ಲ. ಚೀನಾದ ಅತಿ ಹಳೆಯ ಮಸೀದಿಗಳಲ್ಲೊಂದಾದ ಹುವಾಯ್‌ಶೆಂಗ್, ಅರಬ್ ವರ್ತಕರು ಇಲ್ಲಿ ನೆಲೆಸಿದ್ದ ಕಾಲವನ್ನು ನೆನಪಿಸುತ್ತದೆ. 1757ರಿಂದ 1842ರವರೆಗೆ ಐರೋಪ್ಯರು ಕಡಲ ವ್ಯಾಪಾರ ಮಾಡಲು ಚೀನಾದಲ್ಲಿ ಇದ್ದದ್ದು ಇದೊಂದೇ ಬಂದರು. ಚಹಾ, ರೇಷ್ಮೆ ಕೊಂಡು ಬ್ರಿಟಿಷರು ತಂದು ಸುರಿದದ್ದು ಭಾರತದಲ್ಲಿ ಬೆಳೆದ ಅಫೀಮು. ಮುಂಬೈನ ಜಮ್‌ಷೆಡ್‌ಜಿ ಜೀಜೀಭಾಯ್ ಅವರ ಸಂಪತ್ತಿನ ಹಿಂದೆಯೂ ಇದೇ ಕ್ಯಾಂಟನ್ ವ್ಯಾಪಾರವಿತ್ತು. ಚಾಂಗ್‌ಝೌ ದ್ವೀಪದಲ್ಲಿ ಪಾರ್ಸಿ ವರ್ತಕರ ಗೋರಿಗಳು ಈಗಲೂ ಇವೆ. 1839ರಲ್ಲಿ ಅಧಿಕಾರಿ ಲಿನ್ ಝೆಶು ವಶಪಡಿಸಿಕೊಂಡ ಅಫೀಮನ್ನು ಊರಿನ ನದಿಯ ಕೆಳಹರಿವಿನ ಹುಮೆನ್‌ನಲ್ಲಿ ನಾಶ ಮಾಡಿಸಿದ, ಮೊದಲ ಅಫೀಮು ಯುದ್ಧ ಹತ್ತಿಕೊಂಡಿತು. ಎರಡನೇ ಅಫೀಮು ಯುದ್ಧದ ಬಳಿಕ ಬ್ರಿಟಿಷರೂ ಫ್ರೆಂಚರೂ ಹಂಚಿಕೊಂಡ ಶಾಮಿಯಾನ್ ದ್ವೀಪದ ಹಳೆಯ ಬಂಗಲೆಗಳ ಮುಂದೆ ಇಂದು ಮದುವೆ ಜೋಡಿಗಳು ಫೋಟೊ ತೆಗೆಸಿಕೊಳ್ಳುತ್ತಾರೆ.

ಇಂದಿನ ಊರಿನ ಜನಸಂಖ್ಯೆ 2020ರ ಗಣತಿಯ ಪ್ರಕಾರ 1.87 ಕೋಟಿ. ಅಷ್ಟು ಜನರಿದ್ದೂ ಹಾರ್ನ್ ಸದ್ದು ಕಡಿಮೆ. ವಿದ್ಯುತ್ ಸ್ಕೂಟರ್‌ಗಳು ಬೆನ್ನ ಹಿಂದೆ ಬಂದದ್ದೂ ತಿಳಿಯದು, ಫುಟ್‌ಪಾತ್‌ನಲ್ಲೂ ಎಚ್ಚರ ಬೇಕು. 600 ಮೀಟರ್ ಎತ್ತರದ ಕ್ಯಾಂಟನ್ ಟವರ್ ರಾತ್ರಿ ಬಣ್ಣ ಬದಲಿಸುತ್ತ ನಿಂತಿರುತ್ತದೆ. ಹಳೆಯ ಬಡಾವಣೆಗಳಲ್ಲಿ ರಸ್ತೆಗೆ ಕೊಡೆ ಹಿಡಿದ ಆಲದ ಜಾತಿಯ ಮರಗಳು, ವಸಂತದಲ್ಲಿ ಕೆಂಪಗೆ ಅರಳುವ ಬೂರುಗ. ಬೂರುಗದ ಹೂವೇ ಈ ನಗರದ ಹೂವು.

ಬೆಳಗಿನ ಚಹಾ ಇಲ್ಲಿ ದೊಡ್ಡ ಕಾರ್ಯಕ್ರಮ. ಮೊದಲು ಬಿಸಿ ಚಹಾದಲ್ಲೇ ಬಟ್ಟಲು, ಕಡ್ಡಿಗಳನ್ನು ತೊಳೆಯುತ್ತಾರೆ. ಪಕ್ಕದವರು ನಿಮ್ಮ ಬಟ್ಟಲಿಗೆ ಚಹಾ ಬಗ್ಗಿಸಿದರೆ ಎರಡು ಬೆರಳಲ್ಲಿ ಮೇಜು ತಟ್ಟುವುದೇ ವಂದನೆ. ಹಬೆಯಲ್ಲಿ ಬೆಂದ ತಿನಿಸುಗಳ ಬಿದಿರು ಬುಟ್ಟಿಗಳು ಒಂದೊಂದಾಗಿ ಬರುತ್ತವೆ. ವ್ಯವಹಾರದ ಮಾತು ಶುರುವಾಗಲು ಮೂರ್ನಾಲ್ಕು ಬುಟ್ಟಿ ಖಾಲಿಯಾಗಬೇಕು. ಸಸ್ಯಾಹಾರಿಗಳು ಮಾತ್ರ ಮೊದಲೇ ಹೇಳಬೇಕು. ಸೊಪ್ಪಿನ ಪಲ್ಯದಲ್ಲೂ ಹಂದಿಮಾಂಸದ ಚೂರು ಇರಬಹುದು. ಬೌದ್ಧ ದೇಗುಲಗಳ ಬಳಿಯ ಸಸ್ಯಾಹಾರಿ ಹೋಟೆಲುಗಳು ಆಗ ಆಸರೆ.

ಹೋಗುವವರಿಗೆ: ವ್ಯಾಪಾರಕ್ಕೆ ಎಂ ದರ್ಜೆಯ ವೀಸಾ, ಅದಕ್ಕೆ ಅಲ್ಲಿಂದ ಆಹ್ವಾನ ಪತ್ರ ಬೇಕು. ಹಾಂಗ್‌ಕಾಂಗ್‌ಗೆ ಇಳಿದರೆ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ತಳ್ಳುಗಾಡಿಯವರೂ ಕ್ಯೂಆರ್ ಕೋಡ್ ಚಾಚುವ ಊರು. ಅಲಿಪೇ ಅಥವಾ ವೀಚಾಟ್ ಅನ್ನು ಮನೆಯಲ್ಲೇ ಸಿದ್ಧ ಮಾಡಿಕೊಳ್ಳಿ. ಗೂಗಲ್ ನಕ್ಷೆ ನೆಚ್ಚಿಕೊಳ್ಳಬೇಡಿ, ಹೋಟೆಲಿನ ವಿಳಾಸ ಚೀನೀ ಲಿಪಿಯಲ್ಲಿ ಜೇಬಿನಲ್ಲಿರಲಿ. ಮೇಳದ ಮೊದಲ ಹಂತದಲ್ಲಿ ಯಂತ್ರ, ಎಲೆಕ್ಟ್ರಾನಿಕ್ಸ್. ಎರಡನೆಯದರಲ್ಲಿ ಗೃಹೋಪಯೋಗಿ, ಕಟ್ಟಡ ಸಾಮಗ್ರಿ. ಮೂರನೆಯದರಲ್ಲಿ ಜವಳಿ, ಆಟಿಕೆ. ನಿಮ್ಮ ಸರಕು ಯಾವ ಹಂತದ್ದೆಂದು ನೋಡಿಕೊಂಡೇ ಟಿಕೆಟ್ ಮಾಡಿಸಿ. ಪೇಟೆ ಸುತ್ತಲೆಂದೇ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಮೇಳದಲ್ಲಿ ಕೇಳಿದ ರೇಟು ಸರಿಯೋ ತಪ್ಪೋ ಎಂಬುದು ಆ ದಿನವೇ ಗೊತ್ತಾಗುತ್ತದೆ.